31 ತೋಟಾ ಬಿಚ್ಚಿದ ಸಂಜೆ

ಬಂದೂಕಿನ ತೋಟಾ ತುಂಬುವ ಹೊಸ ಪ್ರೆಸ್ಸನ್ನು ಬೆಂಚಿಗೆ ಬೋಲ್ಟ್ ಹಾಕಿ ಕೂರಿಸಿದ ಮೊದಲ ಭಾನುವಾರ 31 ತೋಟಾ ತುಂಬಿದೆ. ಅದೇ ಸಂಜೆ ಆ 31ನ್ನೂ ಒಂದೊಂದಾಗಿ ಬಿಚ್ಚಿದೆ.

ಅದಕ್ಕೂ ಮುಂಚೆ ಆರು ವರ್ಷ ನನ್ನದು ಸಿಂಗಲ್ ಸ್ಟೇಜ್ ಪ್ರೆಸ್ಸು. ಗುರಿ ಅಭ್ಯಾಸ ಮಾಡುವ .38 ಸ್ಪೆಷಲ್ ರಿವಾಲ್ವರಿಗೆ ಮನೆಯಲ್ಲೇ ತೋಟಾ ತುಂಬಿಕೊಳ್ಳುತ್ತಿದ್ದೆ. ಈ ಪ್ರೆಸ್ಸಿನಲ್ಲಿ ಒಂದು ಸಲಕ್ಕೆ ಒಂದೇ ಡೈ, ಅಂದರೆ ಒಂದೇ ಅಚ್ಚು. ಹಾರಿಸಿದ ತೋಟಾದ ಹಿತ್ತಾಳೆ ಕವಚ, ಅಂದರೆ ಕೇಸು, ಸ್ವಲ್ಪ ಹಿಗ್ಗಿರುತ್ತದೆ. ಮೊದಲ ಡೈ ಅದನ್ನು ಒತ್ತಿ ಅಳತೆಗೆ ತರುತ್ತದೆ, ಅದರ ತಳದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ, ಅಂದರೆ ಸುಟ್ಟ ಪ್ರೈಮರನ್ನು ಹೊರಗೆ ತಳ್ಳುತ್ತದೆ. 50 ಕೇಸಿಗೂ ಅಷ್ಟೇ ಕೆಲಸ ಮುಗಿಸಿ ಡೈ ಬದಲಾಯಿಸಬೇಕು. ಮುಂದಿನದು ಕೇಸಿನ ಬಾಯಿ ಅರಳಿಸುತ್ತದೆ. ಆಮೇಲೆ ಹೊಸ ಪ್ರೈಮರ್, ಮದ್ದು, ಗುಂಡು, ಕೊನೆಗೆ ಬಾಯಿ ಬಿಗಿಯುವುದು. ಗಂಟೆಗೆ 50, 60 ಆದರೆ ಅದೇ ಜಾಸ್ತಿ. ಅಭ್ಯಾಸ ಹೆಚ್ಚಾದ ಹಾಗೆ ವಾರದ ಎರಡು ರಾತ್ರಿ ಬೆಂಚಿನ ಮುಂದೆಯೇ ಹೋಗುತ್ತಿತ್ತು.

ಪ್ರೋಗ್ರೆಸಿವ್ ಪ್ರೆಸ್ಸಿನ ಕೆಲಸವೇ ಬೇರೆ. ಒಂದು ದುಂಡನೆಯ ತಟ್ಟೆ, ಅದರ ಸುತ್ತ ಕೇಸು ನಿಲ್ಲಿಸುವ ಐದು ಜಾಗ. ಹಿಡಿ ಒಂದು ಸಲ ಎಳೆದರೆ ಐದೂ ಕೇಸಿಗೆ ಐದು ಬೇರೆ ಬೇರೆ ಕೆಲಸ ಒಟ್ಟಿಗೆ ಆಗುತ್ತದೆ. ಹಿಡಿ ವಾಪಸ್ ಹೋಗುವಾಗ ತಟ್ಟೆ ಒಂದು ಮನೆ ಮುಂದೆ ಸರಿಯುತ್ತದೆ, ಕೊನೆಯ ಜಾಗದಿಂದ ತಯಾರಾದ ತೋಟಾ ಡಬ್ಬಿಗೆ ಬೀಳುತ್ತದೆ. ಡಿಲನ್ 550 ಥರದವುಗಳಲ್ಲಿ ನಾಲ್ಕು ಜಾಗ, ತಟ್ಟೆಯನ್ನು ಕೈಯಲ್ಲೇ ತಿರುಗಿಸಬೇಕು. ನಾನು ತಂದದ್ದು ತಾನೇ ತಿರುಗುವಂಥದ್ದು. ಕೈ ಪಳಗಿದವರು ಇದರಲ್ಲಿ ಗಂಟೆಗೆ 400, 500 ತುಂಬುತ್ತಾರೆ.

ಬೆಳಗ್ಗೆ ಪೂರ್ತಿ ಜೋಡಣೆಗೇ ಹೋಯಿತು. ಪ್ರತಿ ಡೈಯ ಎತ್ತರ ಹೊಂದಿಸಿದೆ. ಮದ್ದು ಅಳೆಯುವ ಡಬ್ಬಿಯಿಂದ ಹತ್ತು ಸಲ ಸುರಿಸಿ, ಹತ್ತನ್ನೂ ತಕ್ಕಡಿಯಲ್ಲಿ ತೂಗಿದೆ. ಕನ್ನಡಕ ಹಾಕಿಕೊಂಡು 100 ಪ್ರೈಮರನ್ನು ಕೊಳವೆಗೆ ತುಂಬಿದೆ. ಕಣ್ಣಿನ ರಕ್ಷಣೆ ಇಲ್ಲದೆ ಆ ಕೊಳವೆ ಮುಟ್ಟಲೇಬಾರದು. ಒಂದು ಪ್ರೈಮರ್ ಸಿಡಿದರೆ ಉಳಿದವೂ ಸಿಡಿಯಬಹುದು.

ಮಧ್ಯಾಹ್ನ ಶುರು ಮಾಡಿದೆ. ಎಡಗೈಯಲ್ಲಿ ಗುಂಡು ಇಡುವುದು, ಬಲಗೈಯಲ್ಲಿ ಹಿಡಿ ಎಳೆಯುವುದು. ಟಣ್ ಅಂತ ಒಂದು ತೋಟಾ ಬಿತ್ತು. ಮತ್ತೆ ಎಳೆದೆ, ಇನ್ನೊಂದು. ತುಂಬಾ ಖುಷಿಯಾಯಿತು.

19 ಬಿದ್ದ ಮೇಲೆ ಹಿಡಿ ಅರ್ಧಕ್ಕೆ ನಿಂತಿತು. ಮೊದಲ ಜಾಗದಲ್ಲಿ ಒಂದು ಪ್ರೈಮರ್ ಓರೆಯಾಗಿ ಸಿಕ್ಕಿಕೊಂಡಿತ್ತು. ಜೋರು ಮಾಡಬಾರದು ಅಂತ ಗೊತ್ತಿತ್ತು, ಮಾಡಲಿಲ್ಲ. ಕೆಳಗೇನಾಗಿದೆ ನೋಡೋಣ ಅಂತ ಮೊದಲ ಮೂರು ಕೇಸು ತೆಗೆದು ಬೆಂಚಿನ ಮೇಲಿಟ್ಟೆ. ಓರೆಯಾದ ಪ್ರೈಮರನ್ನು ಮೆಲ್ಲಗೆ ಬಿಡಿಸಿದೆ. ತಟ್ಟೆಯ ಮೇಲೆ ಚೆಲ್ಲಿದ ನಾಲ್ಕು ಕಾಳು ಮದ್ದನ್ನು ಬ್ರಷ್ಷಿನಿಂದ ಗುಡಿಸಿದೆ. ಕೇಸುಗಳನ್ನು ವಾಪಸ್ ಇಟ್ಟು ಮುಂದುವರಿದೆ.

ಇನ್ನೂ ಹನ್ನೆರಡು ಬಿದ್ದವು. ಆಗ ಕೈ ತಾನಾಗಿಯೇ ನಿಂತಿತು. ತೆಗೆದ ಆ ಮೂರನ್ನು ಇದ್ದ ಕ್ರಮದಲ್ಲೇ ಇಟ್ಟೆನಾ? ಮದ್ದು ಬಿದ್ದದ್ದು ಯಾವುದಕ್ಕೆ, ಬೀಳದೇ ಇದ್ದದ್ದು ಯಾವುದು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಎಲ್ಲಾ ಒಂದೇ ಡಬ್ಬಿಯಲ್ಲಿ ಬೆರೆತುಹೋಗಿದ್ದವು.

ಹಳೇ ಪ್ರೆಸ್ಸಿನಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಲ್ಲಿ ಮದ್ದು ಹಾಕಿದ 50 ಕೇಸನ್ನು ಮರದ ಹಲಗೆಯ ಕುಳಿಗಳಲ್ಲಿ ನಿಲ್ಲಿಸಿ, ಗುಂಡು ಕೂರಿಸುವ ಮುಂಚೆ ಟಾರ್ಚ್ ಹಿಡಿದು ಸಾಲು ಸಾಲಾಗಿ ನೋಡುತ್ತಿದ್ದೆ. ಎಲ್ಲದರಲ್ಲೂ ಮದ್ದು ಒಂದೇ ಮಟ್ಟದಲ್ಲಿ ಇರಬೇಕು. .38 ಸ್ಪೆಷಲ್‌ಗೆ ಈ ನೋಟ ಇನ್ನೂ ಮುಖ್ಯ. ಈ ತೋಟಾ 1898ರದು, ಕಪ್ಪು ಮದ್ದಿನ ಕಾಲದ್ದು. ಆ ಮದ್ದು ಜಾಗ ತುಂಬಾ ತಿನ್ನುತ್ತಿತ್ತು, ಅದಕ್ಕೇ ಕೇಸು ಅಷ್ಟು ಉದ್ದ. ಈಗಿನ ಮದ್ದು ಅದರ ತಳದಲ್ಲಿ ಚೂರೇ ಚೂರು ಕೂರುತ್ತದೆ. ಎರಡು ಸಲ ಮದ್ದು ಬಿದ್ದರೂ ಹೊರಗೆ ಚೆಲ್ಲುವುದಿಲ್ಲ, ಗುಂಡು ಸಲೀಸಾಗಿ ಕೂರುತ್ತದೆ. ಅದು ಬಂದೂಕನ್ನೇ ಒಡೆಯಬಹುದು. ಮದ್ದೇ ಇಲ್ಲದಿದ್ದರೂ ಅಪಾಯ ಕಡಿಮೆಯೇನಲ್ಲ. ಪ್ರೈಮರಿನ ಬಲಕ್ಕೇ ಗುಂಡು ನಳಿಕೆಯೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದು ಗೊತ್ತಾಗದೆ ಮುಂದಿನ ಗುಂಡು ಹಾರಿಸಿದರೆ ನಳಿಕೆ ಸೀಳಬಹುದು.

ನನಗೆ ಈ ಕೆಲಸ ಕಲಿಸಿದ ಹಿರಿಯರಿಗೆ ಫೋನ್ ಮಾಡಿದೆ.

"ತೂಕ ನೋಡಿದರೆ ಸಾಕಾ ಸರ್?"

"ಮದ್ದು ಎಷ್ಟು ಹಾಕ್ತಿದ್ದೀಯ?"

"ನಾಲ್ಕು ಗ್ರೇನ್‌ಗಿಂತ ಕಡಿಮೆ."

"ಕೇಸು?"

"ಮೂರ್ನಾಲ್ಕು ಕಂಪನಿಯದು ಬೆರೆತಿದೆ."

"ಹಾಗಾದ್ರೆ ತೂಕ ಏನು ಹೇಳುತ್ತಪ್ಪಾ? ಬಿಚ್ಚು. ಎಲ್ಲಾ ಬಿಚ್ಚು."

ಅವರು ಹೇಳಿದ್ದು ಸರಿ. ಒಂದು ಗ್ರೇನ್ ಅಂದರೆ 0.0648 ಗ್ರಾಂ. ನಾಲ್ಕು ಗ್ರೇನ್ ಅಂದರೂ ಕಾಲು ಗ್ರಾಂ ಚಿಲ್ಲರೆ ಅಷ್ಟೇ. ಬೇರೆ ಬೇರೆ ಕಂಪನಿಯ ಕೇಸುಗಳ ನಡುವೆಯೇ ಅದನ್ನು ಮುಚ್ಚಿಹಾಕುವಷ್ಟು ವ್ಯತ್ಯಾಸ ಇರುತ್ತದೆ. ಆದರೂ ಮನಸ್ಸು ಕೇಳದೆ ಆರೇಳನ್ನು ತೂಗಿದೆ. ಒಂದಕ್ಕೊಂದು ಹೊಂದಲಿಲ್ಲ, ಏನೂ ತಿಳಿಯಲಿಲ್ಲ.

ತೋಟಾ ಬಿಚ್ಚಲು ಸುತ್ತಿಗೆ ಥರದ ಒಂದು ಪ್ಲಾಸ್ಟಿಕ್ ಸಾಧನ ಇದೆ. ತೋಟಾವನ್ನು ಅದರ ತಲೆಯೊಳಗೆ ಅಂಚು ಹಿಡಿಯುವ ಹಾಗೆ ಸಿಕ್ಕಿಸಿ, ಗಟ್ಟಿ ಮರದ ತುಂಡಿನ ಮೇಲೆ ಬಡಿಯಬೇಕು. ಕೇಸು ನಿಂತಲ್ಲೇ ನಿಲ್ಲುತ್ತದೆ, ಗುಂಡು ಬಡಿತದ ರಭಸಕ್ಕೆ ಜಾರುತ್ತದೆ. ಮೂರನೇ ಏಟಿಗೋ ನಾಲ್ಕನೇ ಏಟಿಗೋ ಶಬ್ದ ಬದಲಾಗುತ್ತದೆ. ಆಗ ಮುಚ್ಚಳ ತೆಗೆದು ತಟ್ಟೆಗೆ ಬಗ್ಗಿಸಿದರೆ ಮೊದಲು ಗುಂಡು, ಅದರ ಹಿಂದೆಯೇ ಮದ್ದು ಸರ್ರನೆ ಸುರಿಯುತ್ತದೆ. ಪ್ರತಿ ಸಲ ಆ ಬೂದು ಬಣ್ಣದ ಸಣ್ಣ ಗುಡ್ಡೆಯನ್ನು ತೂಗಿದೆ. ಸರಿ ಇದೆ. ಇದೂ ಸರಿ. ಇದೂ ಸರಿ.

24ನೆಯದನ್ನು ಬಗ್ಗಿಸಿದಾಗ ಗುಂಡು ಮಾತ್ರ ಬಿತ್ತು.

ಅಲುಗಾಡಿಸಿದೆ. ಕೇಸಿನೊಳಗೆ ಟಾರ್ಚ್ ಬಿಟ್ಟೆ. ತಳದಲ್ಲಿ ಬರೀ ಹಿತ್ತಾಳೆಯ ಹೊಳಪು, ನಡುವೆ ಪ್ರೈಮರಿನ ಕಿಂಡಿ. ಒಂದೇ ಒಂದು ಕಾಳು ಮದ್ದಿಲ್ಲ. ಮದ್ದು ಬೀಳುವ ಮುಂಚೆ ತೆಗೆದ ಕೇಸನ್ನು ನಾನು ಆ ಜಾಗ ದಾಟಿಸಿ ಮುಂದಿನದರಲ್ಲಿ ಇಟ್ಟುಬಿಟ್ಟಿದ್ದೆ. ಹೊರಗಿನಿಂದ ನೋಡಿದರೆ ಅದು ಉಳಿದ 30ರಷ್ಟೇ ಚೆನ್ನಾಗಿತ್ತು. ಮುಂದಿನ ಶನಿವಾರ ರೇಂಜಿನಲ್ಲಿ ನನ್ನ ಕೈಯಲ್ಲಿ ಇರುತ್ತಿತ್ತು. ಬಹಳ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಉಳಿದ ಏಳನ್ನೂ ಬಿಚ್ಚಿದೆ. ಬೇರೆ ತಪ್ಪು ಸಿಗಲಿಲ್ಲ.

ಆ ರಾತ್ರಿಯೇ ಒಂದು ವಿಷಯ ಗಟ್ಟಿ ಮಾಡಿಕೊಂಡೆ. ಪ್ರೆಸ್ಸು ನಡುವೆ ನಿಂತರೆ ಅದರ ಮೇಲಿರುವ ಐದೂ ಕೇಸು ಹೊರಗೆ. ಒಳಗಿನ ಮದ್ದು ಡಬ್ಬಿಗೆ ವಾಪಸ್, ಆಮೇಲೆ ಮತ್ತೆ ಖಾಲಿ ತಟ್ಟೆಯಿಂದ ಶುರು. ಎಷ್ಟು ಸಮಯ ಹೋದರೂ ಸರಿ. ಗುಂಡು ಇಡುವ ಜಾಗದ ಮೇಲೆ ಒಂದು ಪುಟ್ಟ ಎಲ್‌ಇಡಿ ದೀಪ ಅಂಟಿಸಿದೆ. ಎಡಗೈ ಗುಂಡು ಇಡುವ ಮುಂಚೆ ಕಣ್ಣು ಕೇಸಿನೊಳಗೆ ಹೋಗಲೇಬೇಕು. ಮದ್ದು ಹಾಕುವ ಜಾಗದ ಮುಂದಿನದಕ್ಕೆ ಮದ್ದಿನ ಮಟ್ಟ ನೋಡುವ ಡೈ ತರಿಸಿದೆ. ಮಟ್ಟ ಹೆಚ್ಚುಕಡಿಮೆಯಾದರೆ ಅದು ಕೂಗಿಕೊಳ್ಳುತ್ತದೆ. ಹಾಗಂತ ದೀಪ ತೆಗೆದಿಲ್ಲ. ಡೈ ಕೂಗಲಿ, ನನ್ನ ಕಣ್ಣಿನ ಕೆಲಸ ನನಗೇ ಇರಲಿ.

ಗಂಟೆಗೆ 400ರ ಆಸೆ ಬಿಟ್ಟಿದ್ದೇನೆ. ಈಗ 200 ಆಗುತ್ತದೆ, ನನಗೆ ಅದು ಧಾರಾಳ. ಹಳೇ ಸಿಂಗಲ್ ಸ್ಟೇಜ್ ಪ್ರೆಸ್ಸು, ರಾಕ್ ಚಕ್ಕರ್, ಬೆಂಚಿನ ಎಡಗಡೆ ಹಾಗೇ ಇದೆ. ರೈಫಲ್ ತೋಟಾಗಳನ್ನು ಇವತ್ತಿಗೂ ಅದರಲ್ಲೇ ತುಂಬುತ್ತೇನೆ, ಒಂದೊಂದಾಗಿ.

ಹೋದ ವಾರ ಮತ್ತೆ ಹಿಡಿ ಅರ್ಧಕ್ಕೆ ನಿಂತಿತು. ಅವತ್ತೂ ಪ್ರೈಮರೇ. ಐದೂ ಕೇಸು ತೆಗೆದು ಬೆಂಚಿನ ಮೇಲಿಟ್ಟೆ, ಮದ್ದು ಇದ್ದವನ್ನು ಡಬ್ಬಿಗೆ ಬಗ್ಗಿಸಿದೆ, ತಟ್ಟೆ ಗುಡಿಸಿದೆ. ಆಮೇಲೆ ಮೊದಲ ಜಾಗಕ್ಕೆ ಒಂದು ಖಾಲಿ ಕೇಸು ಇಟ್ಟು ಹಿಡಿ ಎಳೆದೆ.