ಹಾಜರಿ ಪುಸ್ತಕ

ಮಲೆನಾಡಿನ ಒಂದು ಪಟ್ಟಣದ ಸಹಕಾರಿ ಬ್ಯಾಂಕ್ ಶಾಖೆ. ನಾನು ಒಳಗೆ ಕಾಲಿಡುತ್ತಲೇ ಅಟೆಂಡರ್ "ಆಡಿಟ್‌ನೋರು ಬಂದ್ರು" ಅಂತ ಕೂಗಿ ಕಾಫಿಗೆ ಓಡಿದ. ಮೇಜಿನ ಮೇಲೆ ವೋಚರ್ ಕಟ್ಟುಗಳು ಸಿದ್ಧವಾಗಿದ್ದವು. ನನ್ನದು ಕಂಪ್ಯೂಟರ್ ವ್ಯವಸ್ಥೆಯ ಆಡಿಟ್; ನನಗೆ ಬೇಕಿದ್ದದ್ದು ಯೂಸರ್ ಪಟ್ಟಿ, ಲಾಗ್ (ಯಾರು ಯಾವಾಗ ಏನು ಮಾಡಿದರೆಂದು ಕಂಪ್ಯೂಟರ್ ಬರೆದಿಡುವ ದಾಖಲೆ), ಯುಪಿಎಸ್ ಬ್ಯಾಟರಿ ಬದಲಿಸಿದ ದಿನಾಂಕ.

ಇದ್ದದ್ದು ಒಂದೇ ದಿನ. ಯಾರು ಏನನ್ನು ಪಾಸ್ ಮಾಡಬಲ್ಲರು, ಅಂದರೆ ಒಬ್ಬರು ನಮೂದಿಸಿದ ವಹಿವಾಟಿಗೆ ಒಪ್ಪಿಗೆ ಕೊಡಬಲ್ಲ ಇನ್ನೊಬ್ಬರು ಯಾರು, ಅನ್ನುವುದಕ್ಕೇ ಅರ್ಧ ದಿನ ಎಂದು ಮೊದಲೇ ಲೆಕ್ಕ ಹಾಕಿಕೊಂಡು, ಲಾಗ್ ಅನ್ನು ಮುಖ್ಯ ಕಚೇರಿಯಿಂದಲೇ ತರಿಸಿಕೊಂಡಿದ್ದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದ ಪ್ರಕಾರ 180 ದಿನದ ಲಾಗ್ ಇಡಲೇಬೇಕು, ಇಟ್ಟಿದ್ದರು, ಪುಣ್ಯ. ಗಡಿಯಾರಗಳೆಲ್ಲ ಒಂದೇ ಸಮಯ ತೋರಿಸಬೇಕೆಂದೂ ಅದರಲ್ಲಿದೆ. ಇಲ್ಲಿಯ ಸಿಸಿಟಿವಿ 17 ನಿಮಿಷ ಹಿಂದಿತ್ತು.

ಚೆಕ್‌ಲಿಸ್ಟ್‌ನಲ್ಲಿ "ಪಾಸ್‌ವರ್ಡ್ ನೀತಿ ಇದೆಯೇ?" ಎಂಬ ಪ್ರಶ್ನೆ. ಇದೆ, ಲ್ಯಾಮಿನೇಟ್ ಮಾಡಿ ಗೋಡೆಗೆ ಹಾಕಿದ್ದಾರೆ. ಟಿಕ್ ಹಾಕಿದೆ. ಆಮೇಲೆ ಯಾಕೋ ಹಾಜರಿ ಪುಸ್ತಕ ಕೇಳಿದೆ. ಪಾಸಿಂಗ್ ಆಫೀಸರ್ ಹೆಸರಿನ ಮುಂದೆ ಮೂರು ದಿನ ಕೆಂಪು ಶಾಯಿಯಲ್ಲಿ ರಜೆ. ಅದೇ ಮೂರು ದಿನ ಅವರ ಐಡಿಯಿಂದ 41 ವಹಿವಾಟು ಪಾಸಾಗಿವೆ.

"ಮಗಳ ಮದುವೆ ಇತ್ತು ಸಾರ್" ಎಂದರು ಅವರು, ಮುಚ್ಚುಮರೆಯಿಲ್ಲದೆ. "ಮ್ಯಾನೇಜರ್ ಸಾಲ ವಸೂಲಿಗೆ ಹಳ್ಳಿ ಕಡೆ ಹೋಗಿರ್ತಾರೆ. ಪಾಸ್‌ವರ್ಡ್ ಕೊಡದೆ ಹೋಗಿದ್ರೆ ಕೌಂಟರ್ ನಿಂತುಹೋಗ್ತಿತ್ತು."

ಕ್ಲರ್ಕ್ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ನಮೂದಿಸಿದವಳೂ ಅವಳೇ, ಪಾಸ್ ಮಾಡಿದವಳೂ ಅವಳೇ. 41 ವೋಚರನ್ನೂ ಒಂದೊಂದಾಗಿ ಸಹಿ ಸಮೇತ ತಾಳೆ ನೋಡಿದೆ, ಮಧ್ಯಾಹ್ನದ ಊಟ ಮೂರೂವರೆಗೆ ಹೋಯಿತು. ಒಂದು ರೂಪಾಯಿಯೂ ಅತ್ತಿತ್ತ ಆಗಿರಲಿಲ್ಲ. ಆದರೆ ಆಗಿದ್ದರೆ, ಸಿಸ್ಟಮ್ ಬೆರಳು ತೋರಿಸುತ್ತಿದ್ದದ್ದು ಚಪ್ಪರದಡಿ ಧಾರೆ ಎರೆಯುತ್ತಿದ್ದ ಆ ಅಪ್ಪನ ಕಡೆಗೆ. ಇದನ್ನು ಹೇಳಿದಾಗ ಅವರ ಮುಖ ಬಾಡಿತು.

"ವರದಿಯಲ್ಲಿ ನನ್ನ ಹೆಸರು ಬರತ್ತಾ ಸಾರ್?"

ಐಡಿ ಸಂಖ್ಯೆ ಬರುತ್ತದೆ ಎಂದೆ. ಅದೂ ಹೆಸರೇ, ಇಬ್ಬರಿಗೂ ಗೊತ್ತಿತ್ತು. ಕಾರಣದ ಅಂಕಣದಲ್ಲಿ "ಸಿಬ್ಬಂದಿಯ ನಿರ್ಲಕ್ಷ್ಯ" ಎಂದು ಬರೆಯಲು ಕೈ ಬರಲಿಲ್ಲ. ಪಾಸ್ ಮಾಡುವ ಅಧಿಕಾರ ಇರುವುದು ಇಬ್ಬರಿಗೇ. ಒಬ್ಬರು ರಜೆ ಹಾಕಿ ಇನ್ನೊಬ್ಬರು ಹೊರಗಿದ್ದರೆ ತಾತ್ಕಾಲಿಕವಾಗಿ ಮತ್ತೊಬ್ಬರಿಗೆ ಅದನ್ನು ಕೊಡುವ ವ್ಯವಸ್ಥೆ ಮುಖ್ಯ ಕಚೇರಿ ಮಾಡಿಲ್ಲ ಎಂದು ಬರೆದೆ.

ಮರುವರ್ಷ ಹೋದಾಗ ಪಾಸ್‌ವರ್ಡ್ ಹಂಚಿಕೊಳ್ಳಬಾರದು ಎಂಬ ಸುತ್ತೋಲೆಯೊಂದನ್ನು ಮುಂದಿಟ್ಟರು, ಅದರಡಿ ಎಲ್ಲರ ಸಹಿ. ಅಧಿಕಾರ ಇದ್ದವರು ಈಗಲೂ ಇಬ್ಬರೇ. ಹಾಜರಿ ಪುಸ್ತಕ ತರಿಸಿದೆ.