21 ಅಕ್ಷರದ ತುಂಡುಗಳು: ಸೊಳ್ಳೆಯೊಳಗಿನ ವೈರಸ್ ಕಾವಲು

ಡೆಂಗಿ ವೈರಸ್ ಒಮ್ಮೆ ಹೊಕ್ಕರೆ ಈಡಿಸ್ ಈಜಿಪ್ಟಿ ಸೊಳ್ಳೆಯಲ್ಲಿ ಸಾಯುವವರೆಗೂ ಉಳಿಯುತ್ತದೆ. ಆದರೂ ಸೊಳ್ಳೆ ಆರಾಮಾಗಿ ಹಾರಾಡಿಕೊಂಡಿರುತ್ತದೆ. ವೈರಸ್ಸನ್ನು ಹದ್ದುಬಸ್ತಿನಲ್ಲಿಡುವುದರಲ್ಲಿ ಪುಟ್ಟ ಆರ್‌ಎನ್‌ಎಗಳ ಪಾಲು ದೊಡ್ಡದು. ವೈರಸ್ ನಕಲಾಗುವಾಗ ಹುಟ್ಟುವ ಜೋಡಿ ಎಳೆಯ ಆರ್‌ಎನ್‌ಎಯನ್ನು ಡೈಸರ್-2 ಕಿಣ್ವ 21 ನ್ಯೂಕ್ಲಿಯೋಟೈಡ್ (ಆರ್‌ಎನ್‌ಎಯ ‘ಅಕ್ಷರ’) ಅಳತೆಗೆ ಕತ್ತರಿಸುತ್ತದೆ. ಅದರ ಒಂದೆಳೆಯನ್ನು ಹಿಡಿದ ಆರ್ಗೋನಾಟ್-2 ಎಂಬ ಪ್ರೋಟೀನ್, ಅದಕ್ಕೆ ಹೊಂದುವ ವೈರಸ್ ಆರ್‌ಎನ್‌ಎಯನ್ನು ಹುಡುಕಿ ತುಂಡರಿಸುತ್ತದೆ.

ಈ ಪುಟ್ಟ ಆರ್‌ಎನ್‌ಎಗಳ ಅಕ್ಷರಗಳನ್ನು ಓದಿದ ಸೀಕ್ವೆನ್ಸಿಂಗ್ ಡೇಟಾ ಬಂದರೆ, ಓದಲೆಂದು ತುದಿಗೆ ಅಂಟಿಸಿದ ಅಡಾಪ್ಟರ್ ತೆಗೆದು, 18ರಿಂದ 32ರ ಉದ್ದದ ತುಂಡುಗಳನ್ನು ವೈರಸ್ ಜೀನೋಮಿಗೆ ಹೊಂದಿಸಿ, ಮೊದಲು ಉದ್ದದ ಗ್ರಾಫ್ ನೋಡಿ. 21ರಲ್ಲಿ ಚೂಪಾದ ಶಿಖರ, ಎರಡೂ ಎಳೆಗಳಿಂದ ಹೆಚ್ಚುಕಡಿಮೆ ಸಮಪಾಲು ಇದ್ದರೆ ಅದು ಡೈಸರ್‌ನ ಕೈಚಳಕ. ಶಿಖರವಿಲ್ಲದೆ ಎಲ್ಲ ಉದ್ದಗಳೂ ಹರಡಿ, ಬಹುಪಾಲು ಪಾಸಿಟಿವ್ ಎಳೆಯವೇ (ವೈರಸ್ ಜೀನೋಮಿನದೇ ಎಳೆ) ಆಗಿದ್ದರೆ ಆರ್‌ಎನ್‌ಎ ತಾನಾಗಿಯೇ ಚೂರಾಗಿರುವ ಸಾಧ್ಯತೆಯೇ ಹೆಚ್ಚು. 24–30ರ ದಿಬ್ಬ ಕಂಡಾಕ್ಷಣ ಅದು ಡೈಸರ್ ಇಲ್ಲದೆ ಹುಟ್ಟುವ ಇನ್ನೊಂದು ಬಗೆಯ ಪುಟ್ಟ ಆರ್‌ಎನ್‌ಎಯಾದ ಪೈಆರ್‌ಎನ್‌ಎ ಎನ್ನಬೇಡಿ: ಒಂದೆಳೆಯ ಮೊದಲ ಅಕ್ಷರ ಯು, ಎದುರೆಳೆಯ 10ನೆಯದು ಎ, ನಡುವೆ 10 ಅಕ್ಷರಗಳ ಹೊಂದಿಕೆ, ಈ ಮೂರೂ ಸಿಗಬೇಕು. ಚಿಕೂನ್‌ಗುನ್ಯಾದಲ್ಲಿ ಇದು ಢಾಳಾಗಿ ಕಾಣುತ್ತದೆ, ಡೆಂಗಿಯಲ್ಲಿ ಮಸುಕು.

ಲ್ಯಾಬಿನಲ್ಲಿ ಬೆಳೆಸುವ ಕೋಶಗಳ ಆಯ್ಕೆಯಲ್ಲೇ ಹೆಚ್ಚು ಜನ ಎಡವುವುದು. ವೈರಸ್ ಬೆಳೆಸಲು ಎಲ್ಲರ ಅಚ್ಚುಮೆಚ್ಚಿನ ಸಿ6/36 ಎಂಬ ಸೊಳ್ಳೆ ಕೋಶಗಳಲ್ಲಿ ಡೈಸರ್-2 ಕೆಟ್ಟಿರುತ್ತದೆ. ಅಲ್ಲಿ 21ರ ಶಿಖರ ಹುಡುಕಿ ಪ್ರಯೋಜನವಿಲ್ಲ. ಈಡಿಸ್ ಈಜಿಪ್ಟಿಯ ಎಎಜಿ2 ಕೋಶಗಳನ್ನು ಬಳಸಿ. ಆದರೆ ಅವುಗಳಲ್ಲಿ ಸೆಲ್ ಫ್ಯೂಸಿಂಗ್ ಏಜೆಂಟ್ ಎಂಬ ಇನ್ನೊಂದು ವೈರಸ್ ಮೊದಲೇ ಮನೆ ಮಾಡಿಕೊಂಡಿರುತ್ತದೆ, ಅದರ ತುಂಡುಗಳನ್ನು ಬೇರೆಯಾಗಿಯೇ ಎಣಿಸಿ.