ನಾಲ್ಕು ಸೆಂಟಿಮೀಟರ್ ದಾರಿ

"ನೋವೇ ಇಲ್ಲ ಡಾಕ್ಟ್ರಮ್ಮ, ಮಲದ ಜೊತೆ ಬರೀ ರಕ್ತ. ಅದಕ್ಕೇ ಆರು ತಿಂಗಳು ಸುಮ್ಮನಿದ್ದೆ" ಅಂದರು ಇವತ್ತು ಓಪಿಡಿಗೆ ಬಂದ ಅಜ್ಜ. ಮುಖ ಗೋಡೆ ಕಡೆ. ಪಂಚೆಯ ಅಂಚನ್ನು ಬೆರಳಿಗೆ ಸುತ್ತೋದು, ಬಿಚ್ಚೋದು.

ಮೊದಲ ವರ್ಷ ಅನಾಟಮಿಯಲ್ಲಿ ಬೈಯ್ದುಕೊಂಡೇ ಬಾಯಿಪಾಠ ಮಾಡಿದ್ದ ಡೆಂಟೇಟ್ ಗೆರೆ ನೆನಪಾಯ್ತು. ಗುದನಾಳ ಇರೋದೇ ಸುಮಾರು 4 ಸೆಂ.ಮೀ. ಅದರೊಳಗೆ ಗರಗಸದ ಹಲ್ಲಿನಂಥ ಒಂದು ಗೆರೆ. ಮೇಲಿನದು ಕರುಳಿನ ಸಂಸಾರ, ಚುಚ್ಚಿದರೂ ನೋಯಲ್ಲ. ಕೆಳಗಿನದು ಚರ್ಮದ ಸಂಸಾರ, ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕಣ್ಣಲ್ಲಿ ನೀರು. ಅದಕ್ಕೇ ಫಿಶರ್, ಅಂದರೆ ಗುದದ ಬಿರುಕು, ಆದವರು ಮರುದಿನವೇ ಓಡಿ ಬರ್ತಾರೆ, ಒಳಮೂಲವ್ಯಾಧಿಯವರು ವರ್ಷಗಟ್ಟಲೆ ಬರಲ್ಲ. ಮೂಲವ್ಯಾಧಿಯ ಗಂಟು ಒಣಗಿ ಉದುರಲಿ ಅಂತ ಅದರ ಬುಡಕ್ಕೆ ಅರಿವಳಿಕೆ ಇಲ್ಲದೆ ರಬ್ಬರ್ ಬ್ಯಾಂಡ್ ಹಾಕೋಕೆ ಆಗೋದೂ ಇದೇ ಗೆರೆಯ ಪುಣ್ಯದಿಂದ. ಬ್ಯಾಂಡ್ ಗೆರೆಯ ಕೆಳಗೆ ಬಿತ್ತೋ, ಪೇಷಂಟ್ ಟೇಬಲ್ ಮೇಲಿಂದ ಎದ್ದೇ ಬಿಡ್ತಾರೆ! ಕ್ಯಾನ್ಸರ್ ಕೂಡ ಈ ಗಡಿ ನೋಡಿಕೊಂಡೇ ಹಬ್ಬೋದು: ಕೆಳಗಿನದಾದರೆ ತೊಡೆಸಂದಿನ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಗಂಟುಗಳಿಗೆ, ಮೇಲಿನದಾದರೆ ಕೈಗೆ ಸಿಗದ ಹೊಟ್ಟೆಯೊಳಗಿನ ಗಂಟುಗಳಿಗೆ.

ಅಜ್ಜನ ವಯಸ್ಸಿಗೆ ಮೂಲವ್ಯಾಧಿ ಅಂತ ಸುಮ್ಮನೆ ಬಿಡೋ ಹಾಗಿಲ್ಲ. ದೊಡ್ಡ ಕರುಳೊಳಗೆ ಕ್ಯಾಮೆರಾ ಇಳಿಸಿ ನೋಡೋ ಕೊಲೊನೋಸ್ಕೋಪಿಗೆ ಬರೆದುಕೊಟ್ಟೆ. ಬಾಗಿಲ ತನಕ ಹೋದವರು ವಾಪಸ್ ಬಂದು ಮೆಲ್ಲಗೆ, "ಮಗನಿಗೆ ಹೊಟ್ಟೆನೋವು ಅಂತ ಹೇಳಿದ್ದೀನಿ ತಾಯೀ, ನೀವೂ ಹಾಗೇ ಅಂದುಬಿಡಿ" ಅಂದರು.